ಮೊದಲು ಕತ್ತಿ, ಆಮೇಲೆ ಮೋಟಾರು

ಪುತ್ತೂರಿನಿಂದ ಸುಳ್ಯದ ಕಡೆಗೆ ಹೆದ್ದಾರಿಯಲ್ಲಿ ಸುಮಾರು ಹತ್ತು ಕಿಲೋಮೀಟರ್ ಬಂದರೆ ಕುಂಬ್ರ. ಬೆಳ್ಳಾರೆಗೆ ಹೋಗುವ ರಸ್ತೆ ಕವಲೊಡೆಯುವುದು ಇಲ್ಲಿಯೇ. ಇಳಿಜಾರಿನಲ್ಲಿ ಅಡಿಕೆ ತೋಟ, ಗುಡ್ಡದ ಮೇಲೆ ರಬ್ಬರ್, ಅಡಿಕೆಯ ನಡುವೆ ಕೊಕ್ಕೊ, ಮರಕ್ಕೆ ಹಬ್ಬಿಸಿದ ಕಾಳುಮೆಣಸು. ಒಂಬತ್ತು ಅಡಿ ಅಂತರದಲ್ಲಿ ಗಿಡ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 550 ಅಡಿಕೆ ಮರ ಹಿಡಿಯುತ್ತದೆ. ಒಂದು ಮರ ವರ್ಷಕ್ಕೆ ಆರೇಳು ಸೋಗೆ ಉದುರಿಸುತ್ತದೆ. ಎಕರೆಯೊಂದರಲ್ಲೇ ಮೂರು ಸಾವಿರ ದಾಟುವ ಸೋಗೆ, ಅದರ ಜೊತೆ ಹಾಳೆ, ತೆಂಗಿನ ಮಡಲು, ಮಳೆಗಾಲದ ಹುಲ್ಲು, ಬರೆಯ ಮೇಲಿನ ಪೊದೆ. ಇಷ್ಟನ್ನೂ ಕತ್ತಿ ಹಿಡಿದು ಕಡಿಯುವ ಕೈಗಳು ಈಗ ಊರಿನಲ್ಲಿಲ್ಲ. ಆದ್ದರಿಂದಲೇ ಇಲ್ಲಿಯ ಕೃಷಿಕರು ವೆಲ್ಡಿಂಗ್ ಶಾಪಿನವರ ಜೊತೆ ಕೂತು ತಮ್ಮ ತೋಟಕ್ಕೆ ಬೇಕಾದ ಯಂತ್ರವನ್ನು ತಾವೇ ಕಟ್ಟಿಸಿಕೊಳ್ಳುತ್ತಾರೆ.

ಇದು ಈ ಊರಿಗೆ ಹೊಸತಲ್ಲ. ಕೃಷಿಕರೇ ತಮ್ಮ ಅನುಭವ ಬರೆಯಬೇಕೆಂದು 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ಯಲ್ಲಿ ಇಂಥ ಮನೆಯಂತ್ರಗಳ ಕಥೆ ಎಷ್ಟೋ ಬಂದಿವೆ. 2023ರ ಫೆಬ್ರುವರಿಯಲ್ಲಿ ಪುತ್ತೂರಿನ ನೆಹರೂ ನಗರದ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ, ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಸುವರ್ಣ ಮಹೋತ್ಸವದ ಹೊತ್ತಿಗೆ ನಡೆದ ಕೃಷಿ ಯಂತ್ರ ಮೇಳಕ್ಕೆ ಹೋದವರಿಗೆ ಈ ಉತ್ಸಾಹದ ಪರಿಚಯ ಇದ್ದೇ ಇದೆ.

ಇತ್ತೀಚೆಗೆ ಆ ಉತ್ಸಾಹ ಹೈಡ್ರಾಲಿಕ್ ಕಡೆಗೆ ತಿರುಗಿದೆ. ಅಡಿಕೆ ಸಾಲಿನೊಳಗೆ ನುಗ್ಗುವ ಮಿನಿ ಟ್ರ್ಯಾಕ್ಟರುಗಳು ಬಂದಿವೆ, ಮಣ್ಣು ತೆಗೆಯುವ ಜೆಸಿಬಿ, ಹಿಟಾಚಿಗಳನ್ನು ದಿನವೂ ನೋಡುತ್ತೇವೆ. ಅಷ್ಟು ದೊಡ್ಡ ಬಕೆಟನ್ನು ಎತ್ತುವ ಆಯಿಲಿನ ಒತ್ತಡಕ್ಕೆ ನಮ್ಮ ಪೊದೆ ಯಾವ ಲೆಕ್ಕ ಎಂದು ಅನಿಸುವುದು ಸಹಜ. ಗುಜರಿ ಅಂಗಡಿಗೆ ಹೋದರೆ, “ಇದು ಹಿಟಾಚಿಯದ್ದು ಮಾರಾಯ್ರೆ, ಒಳ್ಳೆ ತಾಕತ್ತುಂಟು, ಕೊಂಡು ಹೋಗಿ” ಎಂದು ಮೋಟಾರೊಂದನ್ನು ಎದುರಿಗಿಡುತ್ತಾರೆ. ಅದನ್ನು ತಂದು, ಅದಕ್ಕೆ ಸರಿಯಾಗಿ ಫ್ರೇಮು ಕಟ್ಟಿ, ಕೊನೆಗೆ ಬ್ಲೇಡು ಹಾಕಿ ಓಡಿಸಿದಾಗ ಹುಲ್ಲು ಮಲಗುತ್ತದೆ, ಕೊಯ್ಯುವುದಿಲ್ಲ. ಹೀಗೆ ಕೊಟ್ಟಿಗೆಯ ಮೂಲೆ ಸೇರಿದ ಯಂತ್ರಗಳನ್ನು ನೋಡಿ ನೋಡಿಯೇ ಇದನ್ನು ಬರೆಯುತ್ತಿದ್ದೇನೆ. ನಾವು ಮೋಟಾರಿನಿಂದ ಹೊರಟು ಕತ್ತಿಗೆ ಬರುತ್ತೇವೆ. ಹೊರಡಬೇಕಾದ್ದು ಕತ್ತಿಯಿಂದ.

ಹೈಡ್ರಾಲಿಕ್ ಎಲ್ಲಿ ಬೇಕು, ಎಲ್ಲಿ ಬೇಡ

ಎಂಜಿನ್ ತಿರುಗಿಸುವ ಪಂಪು ಆಯಿಲನ್ನು ಒತ್ತುತ್ತದೆ, ಆ ಆಯಿಲ್ ಹೋಸಿನಲ್ಲಿ ಹೋಗಿ ಮೋಟಾರನ್ನು ತಿರುಗಿಸುತ್ತದೆ. ಎರಡು ಸಲ ರೂಪ ಬದಲಿಸುವ ಈ ದಾರಿಯಲ್ಲಿ ಮೂರರಲ್ಲೊಂದು ಪಾಲು ಶಕ್ತಿ ಬಿಸಿಯಾಗಿ ಸೋರಿಹೋಗುತ್ತದೆ. ಟ್ರ್ಯಾಕ್ಟರಿನ ಹಿಂದೆಯೇ ಕೂರುವ ಸ್ಲ್ಯಾಶರಿಗೆ, ಒಂದೇ ಕಡೆ ನಿಲ್ಲಿಸಿ ಸೋಗೆ ಪುಡಿ ಮಾಡುವ ಯಂತ್ರಕ್ಕೆ ಟ್ರ್ಯಾಕ್ಟರಿನ ಎಂಜಿನ್ ತಿರುಗಿಸುವ ಹಿಂಬದಿಯ ಪಿಟಿಒ ಶಾಫ್ಟು ಅಥವಾ ಬೆಲ್ಟು ಸಾಕು. ಅಲ್ಲಿ ಹೈಡ್ರಾಲಿಕ್ ಹಾಕಿದರೆ ಡೀಸೆಲು ಹೆಚ್ಚು ಸುಡುತ್ತದೆ, ಕೆಲಸ ಕಡಿಮೆಯಾಗುತ್ತದೆ.

ಎಂಜಿನ್ ಒಂದು ಕಡೆ, ಕತ್ತಿ ಇನ್ನೊಂದು ಕಡೆ ಇರಬೇಕಾದಲ್ಲಿ ಮಾತ್ರ ಹೈಡ್ರಾಲಿಕ್ ತನ್ನ ಬೆಲೆ ತೋರಿಸುತ್ತದೆ. ತೋಟದ ದಾರಿಯಲ್ಲಿ ಟ್ರ್ಯಾಕ್ಟರ್ ನಿಂತಿದೆ, ಕಡಿಯಬೇಕಾದ ಪೊದೆ ಎಂಟಡಿ ಎತ್ತರದ ಬರೆಯ ಮೇಲಿದೆ. ತೋಡಿನ ಬದಿಯ ಹುಲ್ಲನ್ನು ಈಚೆಯಿಂದಲೇ ಕೈಚಾಚಿ ಸವರಬೇಕು. ಬೇಲಿಯ ಬದಿಯಲ್ಲಿ ಬ್ಲೇಡನ್ನು ಒಮ್ಮೆ ಅಡ್ಡ, ಒಮ್ಮೆ ನಿಲುವಾಗಿ ತಿರುಗಿಸಬೇಕು. ಇಂಥಲ್ಲಿ ಶಾಫ್ಟು, ಬೆಲ್ಟು, ಗಿಯರು ಜೋಡಿಸುವುದು ಕಷ್ಟ, ಎರಡು ಹೋಸು ಎಳೆಯುವುದು ಸುಲಭ. ಇನ್ನೊಂದು ಅನುಕೂಲವೂ ಇದೆ. ಕತ್ತಿ ಬೇರಿಗೋ ಕಲ್ಲಿಗೋ ಸಿಕ್ಕಿ ನಿಂತರೆ ರಿಲೀಫ್ ವಾಲ್ವು ತೆರೆದುಕೊಂಡು ಆಯಿಲನ್ನು ಟ್ಯಾಂಕಿಗೆ ಬಿಡುತ್ತದೆ, ಗಿಯರ್ ಮುರಿಯುವುದಿಲ್ಲ.

ಕತ್ತಿ ಕೇಳುವ ವೇಗ

ಹುಲ್ಲನ್ನು ಯಾರೂ ಹಿಡಿದುಕೊಂಡಿರುವುದಿಲ್ಲ. ಅದು ಬಾಗಿ ತಪ್ಪಿಸಿಕೊಳ್ಳುವ ಮೊದಲೇ ಬ್ಲೇಡಿನ ತುದಿ ಅದನ್ನು ಹಾದುಹೋಗಿರಬೇಕು. ಸುತ್ತುವ ಬ್ಲೇಡಿನಿಂದ ಹುಲ್ಲು, ಎಳೆ ಪೊದೆ ಕಡಿಯಲು ತುದಿಯ ವೇಗ ಸೆಕೆಂಡಿಗೆ 60 ಮೀಟರಿನ ಆಸುಪಾಸಿನಲ್ಲಿರಬೇಕು. ಮೆಟ್ಟುಕತ್ತಿಯ ರೀತಿ ಬೇರೆ. ಅಲ್ಲಿ ವಸ್ತುವನ್ನು ಎರಡು ಕೈಯಲ್ಲಿ ಹಿಡಿದು ಅಲಗಿಗೆ ಒತ್ತುತ್ತೇವೆ. ವೇಗ ಬೇಡ, ಬಲ ಬೇಕು. ಸೋಗೆಯನ್ನು ರೋಲರಿನಲ್ಲಿ ಕಚ್ಚಿ ಹಿಡಿದು ನಿಲುಗತ್ತಿಯ ಎದುರು ಕತ್ತರಿಸುವ ಯಂತ್ರ ಈ ಎರಡರ ನಡುವಿನದು; ಅದಕ್ಕೆ ಸೆಕೆಂಡಿಗೆ 20-25 ಮೀಟರ್ ಸಾಕು.

ತುದಿಯ ವೇಗ ಗೊತ್ತಾದರೆ ನಿಮಿಷಕ್ಕೆ ಎಷ್ಟು ಸುತ್ತು ಬೇಕೆಂದು ಹೇಳಬಹುದು. ಬ್ಲೇಡಿನ ಈ ತುದಿಯಿಂದ ಆ ತುದಿಗೆ ಅಳತೆಯನ್ನು ಮೀಟರಿನಲ್ಲಿ ಹಿಡಿದು 3.14ರಿಂದ ಗುಣಿಸಿ, ಒಂದು ಸುತ್ತಿನಲ್ಲಿ ತುದಿ ಸಾಗುವ ದೂರ ಸಿಗುತ್ತದೆ. ಬೇಕಾದ ವೇಗವನ್ನು 60ರಿಂದ ಗುಣಿಸಿ ಆ ದೂರದಿಂದ ಭಾಗಿಸಿ. 60 ಸೆಂಟಿಮೀಟರ್ ಬ್ಲೇಡಿಗೆ 60 ಮೀಟರ್ ವೇಗ ಬೇಕಾದರೆ ನಿಮಿಷಕ್ಕೆ ಸುಮಾರು 1,900 ಸುತ್ತು. ಬ್ಲೇಡನ್ನು ಒಂದು ಮೀಟರಿಗೆ ಉದ್ದ ಮಾಡಿದರೆ 1,150 ಸುತ್ತು ಸಾಕಾಗುತ್ತದೆ, ಆದರೆ ಬಲ ಹೆಚ್ಚು ಬೇಕು. ನಮ್ಮ ಇಕ್ಕಟ್ಟಿನ ಬರೆ, ಬೇಲಿಗಳಿಗೆ 60 ಸೆಂಟಿಮೀಟರೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಪಂಪಿನಲ್ಲಿ ಎಷ್ಟಿದೆ?

ಮೋಟಾರಿಗೆ ಸ್ವಂತ ಶಕ್ತಿಯಿಲ್ಲ. ಪಂಪು ಕಳಿಸಿದ್ದನ್ನಷ್ಟೇ ಅದು ತಿರುಗಣೆಯಾಗಿ ಬದಲಿಸುತ್ತದೆ. ಪಂಪು ನಿಮಿಷಕ್ಕೆ ಎಷ್ಟು ಲೀಟರ್ ಆಯಿಲ್ ಕಳಿಸುತ್ತದೆ ಎಂಬುದು ಮೋಟಾರಿನ ವೇಗವನ್ನು ನಿರ್ಧರಿಸುತ್ತದೆ. ಎಷ್ಟು ಬಾರ್ ಒತ್ತಡ ತಾಳುತ್ತದೆ ಎಂಬುದು ಬಲವನ್ನು ನಿರ್ಧರಿಸುತ್ತದೆ. ಈ ಎರಡನ್ನು ಬೇರೆಬೇರೆಯಾಗಿ ಮನಸ್ಸಿನಲ್ಲಿಟ್ಟುಕೊಂಡವರು ಅರ್ಧ ಗೆದ್ದಂತೆ. ವೇಗ ಸಾಲದೆಂದು ರಿಲೀಫ್ ವಾಲ್ವಿನ ಸ್ಕ್ರೂ ಬಿಗಿ ಮಾಡುವವರಿದ್ದಾರೆ. ಅದರಿಂದ ವೇಗ ಹೆಚ್ಚುವುದಿಲ್ಲ, ಹೋಸು ಒಡೆಯುತ್ತದೆ.

ಲೀಟರನ್ನು ಬಾರಿನಿಂದ ಗುಣಿಸಿ 600ರಿಂದ ಭಾಗಿಸಿದರೆ ಆಯಿಲಿನಲ್ಲಿರುವ ಶಕ್ತಿ ಕಿಲೋವಾಟಿನಲ್ಲಿ ಸಿಗುತ್ತದೆ. ನಿಮಿಷಕ್ಕೆ 30 ಲೀಟರ್, 150 ಬಾರ್ ಎಂದಿಟ್ಟುಕೊಳ್ಳೋಣ: 7.5 ಕಿಲೋವಾಟ್. ಮೋಟಾರಿನ ಸೋರಿಕೆ, ಉಜ್ಜಾಟ ಕಳೆದು ಶಾಫ್ಟಿನಲ್ಲಿ ಸಿಗುವುದು 6 ಕಿಲೋವಾಟಿನೊಳಗೆ, ಅಂದರೆ ಎಂಟು ಅಶ್ವಶಕ್ತಿಯ ಸಮೀಪ. ಹುಲ್ಲಿಗೆ, ಹೆಬ್ಬೆರಳು ಗಾತ್ರದ ಪೊದೆಗೆ ಇದು ಸಾಕು. ರಬ್ಬರ್ ಮರದ ಕೊಂಬೆ ಕೊಯ್ಯುತ್ತೇನೆಂದು ಹೊರಟರೆ ಸಾಲದು.

ಟ್ರ್ಯಾಕ್ಟರಿನಲ್ಲಿರುವ ಹೈಡ್ರಾಲಿಕ್ಕಿನಿಂದಲೇ ಮೋಟಾರು ಓಡಿಸಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಸಣ್ಣ ಟ್ರ್ಯಾಕ್ಟರುಗಳ ಪಂಪು ಲಿಫ್ಟ್ ಎತ್ತಿ ಇಳಿಸಲಿಕ್ಕೆ ಇಟ್ಟದ್ದು, ಎರಡು ಗಂಟೆ ಒಂದೇ ಸವನೆ ಮೋಟಾರು ತಿರುಗಿಸಲಿಕ್ಕಲ್ಲ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಬಹಳ ಟ್ರ್ಯಾಕ್ಟರುಗಳಲ್ಲಿ ಗಿಯರ್ ಬಾಕ್ಸಿನ ಆಯಿಲೂ ಹೈಡ್ರಾಲಿಕ್ ಆಯಿಲೂ ಒಂದೇ. ನಿಮ್ಮ ಮನೆಯಂತ್ರದಲ್ಲಿ ಉಳಿದ ವೆಲ್ಡಿಂಗ್ ಚೂರು, ಹಳೆ ಮೋಟಾರಿನಿಂದ ಎದ್ದ ಲೋಹದ ಪುಡಿ ನೇರ ಗಿಯರ್ ಬಾಕ್ಸಿಗೆ ಹೋಗುತ್ತದೆ. ಐದಾರು ಲಕ್ಷದ ಟ್ರ್ಯಾಕ್ಟರನ್ನು ಅಪಾಯಕ್ಕೆ ಒಡ್ಡಬೇಡಿ. ಪಿಟಿಒಗೆ ಪ್ರತ್ಯೇಕ ಪಂಪು, ಅದಕ್ಕೆ ಪ್ರತ್ಯೇಕ ಟ್ಯಾಂಕು ಇಡುವುದೇ ಸರಿಯಾದ ದಾರಿ. ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಗಿಯರ್ ಪಂಪಿಗೆ ಅದು ನಿಧಾನವಾಯಿತು. ಮೂರು ಪಟ್ಟು ವೇಗ ಏರಿಸುವ ಗಿಯರ್ ಬಾಕ್ಸು ನಡುವೆ ಬೇಕು. ಆಗ 1,620 ಸುತ್ತಿನಲ್ಲಿ 20 ಸಿಸಿ ಪಂಪು ನಿಮಿಷಕ್ಕೆ ಸುಮಾರು 30 ಲೀಟರ್ ಕೊಡುತ್ತದೆ. ಇದಕ್ಕೆ ಪಿಟಿಒದಿಂದ ಹನ್ನೆರಡು ಅಶ್ವಶಕ್ತಿಯ ಹತ್ತಿರ ಹೋಗುತ್ತದೆ, 24 ಎಚ್‌ಪಿಯ ಮಿನಿ ಟ್ರ್ಯಾಕ್ಟರ್ ಇದನ್ನು ಸಲೀಸಾಗಿ ಹೊರುತ್ತದೆ. ಪಂಪು ಸಿಗುವುದು ಕಷ್ಟವಲ್ಲ. ಬೆಂಗಳೂರಿನ ಪೀಣ್ಯದ ಡೈನಮ್ಯಾಟಿಕ್ ಟೆಕ್ನಾಲಜೀಸ್‌ನಂಥ ಕಂಪೆನಿಗಳು ಟ್ರ್ಯಾಕ್ಟರುಗಳಿಗೆಂದೇ ಗಿಯರ್ ಪಂಪು ತಯಾರಿಸುತ್ತವೆ.

ಪಂಪು ಈಗಾಗಲೇ ಇದ್ದು ಅದರ ಲೀಟರ್ ಗೊತ್ತಿಲ್ಲದಿದ್ದರೆ ಅಳೆದುಬಿಡಿ. ವಾಪಸ್ ಬರುವ ಹೋಸನ್ನು ಶುದ್ಧವಾದ 20 ಲೀಟರಿನ ಕ್ಯಾನಿಗೆ ಗಟ್ಟಿಯಾಗಿ ಕಟ್ಟಿ, ಕೆಲಸದ ವೇಗದಲ್ಲಿ ಎಂಜಿನ್ ಇಟ್ಟು, ಹದಿನೈದು ಸೆಕೆಂಡು ಬಿಟ್ಟು ನಿಲ್ಲಿಸಿ. ತುಂಬಿದ್ದರ ನಾಲ್ಕು ಪಟ್ಟು ನಿಮಿಷದ ಲೀಟರ್. ಟ್ಯಾಂಕು ಖಾಲಿಯಾಗಿ ಪಂಪು ಒಣಗದಂತೆ ಒಬ್ಬರು ಟ್ಯಾಂಕಿನ ಮಟ್ಟ ನೋಡುತ್ತಿರಲಿ.

ಸಿಸಿಯ ಲೆಕ್ಕ ಮತ್ತು ಮೋಟಾರಿನ ಜಾತಿ

ಒಂದು ಸುತ್ತು ತಿರುಗಲು ಮೋಟಾರು ಎಷ್ಟು ಆಯಿಲ್ ನುಂಗುತ್ತದೆ ಎಂಬುದೇ ಅದರ ಸಿಸಿ. 30 ಲೀಟರ್ ಅಂದರೆ 30,000 ಸಿಸಿ. ಸೋರಿಕೆಗೆ ನೂರಕ್ಕೆ ಎಂಟು ಕಳೆದರೆ 27,600. ಇದನ್ನು ಬೇಕಾದ 1,900 ಸುತ್ತಿನಿಂದ ಭಾಗಿಸಿದರೆ ಹದಿನಾಲ್ಕೂವರೆ. ಅಂಗಡಿಯಲ್ಲಿ ಕೇಳಬೇಕಾದ್ದು 14 ಸಿಸಿ ಮೋಟಾರು. ಅದರ ಬಲ ನೋಡಲು ಸಿಸಿಯನ್ನು ಬಾರಿನಿಂದ ಗುಣಿಸಿ 62.8ರಿಂದ ಭಾಗಿಸಿ, ನೂರಕ್ಕೆ ಹದಿನೈದು ಕಳೆಯಿರಿ: 150 ಬಾರಿನಲ್ಲಿ ಸುಮಾರು 28 ನ್ಯೂಟನ್ ಮೀಟರ್. ಕೇಳಲು ಚಿಕ್ಕದಾಗಿ ಕಂಡರೂ ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಹತ್ತಿರ ಈ ಬಲ ಇದ್ದರೆ ಪೊದೆ ನಿಲ್ಲುವುದಿಲ್ಲ.

ಗುಜರಿಯಲ್ಲಿ ಸಿಗುವ, ನೋಡಲು ದಪ್ಪನೆಯ, “ತಾಕತ್ತಿನ” ಮೋಟಾರು ಹೆಚ್ಚಾಗಿ ಆರ್ಬಿಟಲ್ ಜಾತಿಯದು. ಅಮೆರಿಕದ ಲಿನ್ ಚಾರ್ಲ್ಸನ್ 1950ರ ದಶಕದಲ್ಲಿ ರೂಪಿಸಿದ ವಿನ್ಯಾಸದ ಸಂತತಿ ಅದು. ಏಳು ಕುಳಿಗಳ ಉಂಗುರದೊಳಗೆ ಆರು ಹಲ್ಲಿನ ಚಕ್ರವೊಂದು ಓಲಾಡುತ್ತ ಸುತ್ತುತ್ತದೆ. ಹೊರಗಿನ ಶಾಫ್ಟು ಒಂದು ಸುತ್ತು ಬರುವಷ್ಟರಲ್ಲಿ ಕುಳಿಗಳು 42 ಸಲ ಆಯಿಲ್ ತುಂಬಿ ಒತ್ತಿರುತ್ತವೆ. ಗಿಯರ್ ಬಾಕ್ಸಿಲ್ಲದೆ ನಿಧಾನ ತಿರುಗಣೆ, ಭಾರೀ ಬಲ. ಹೆಸರಿನಲ್ಲೇ ಸಿಸಿ ಇರುತ್ತದೆ: ಓಎಂಪಿ 160, ಬಿಎಂಆರ್ 160 ಎಂದರೆ 160 ಸಿಸಿ. ನಮ್ಮ 30 ಲೀಟರ್ ಪಂಪಿಗೆ ಇದನ್ನು ಜೋಡಿಸಿದರೆ ನಿಮಿಷಕ್ಕೆ 172 ಸುತ್ತು. 60 ಸೆಂಟಿಮೀಟರ್ ಬ್ಲೇಡಿನ ತುದಿ ಸೆಕೆಂಡಿಗೆ ಐದೂವರೆ ಮೀಟರೂ ಸಾಗುವುದಿಲ್ಲ. ಕೊಟ್ಟಿಗೆಯ ಮೂಲೆ ಸೇರಿದ ಆ ಯಂತ್ರಗಳ ಕಥೆ ಇಷ್ಟೇ. ಮೋಟಾರು ಕೆಟ್ಟದಲ್ಲ, ಕೆಲಸ ಅದರದ್ದಲ್ಲ.

ಆರ್ಬಿಟಲ್ ಮೋಟಾರಿಗೆ ಹೇಳಿಮಾಡಿಸಿದ ಕೆಲಸ ಸೋಗೆ ಪುಡಿ ಮಾಡುವ ಯಂತ್ರದಲ್ಲಿದೆ. ಕತ್ತಿಯ ಡ್ರಮ್ಮನ್ನು ಪಿಟಿಒದಿಂದ ಬೆಲ್ಟಿನಲ್ಲಿ ತಿರುಗಿಸಿ, ಸೋಗೆಯನ್ನು ಒಳಗೆ ಎಳೆಯುವ ರೋಲರಿಗೆ ಮಾತ್ರ ಆರ್ಬಿಟಲ್ ಹಾಕಿ. 15 ಸೆಂಟಿಮೀಟರ್ ದಪ್ಪದ ರೋಲರು ನಿಮಿಷಕ್ಕೆ 40 ಸುತ್ತು ಬಂದರೆ ಸೋಗೆ ನಿಮಿಷಕ್ಕೆ ಹತ್ತೊಂಬತ್ತು ಮೀಟರ್ ಒಳಹೋಗುತ್ತದೆ. 160 ಸಿಸಿಗೆ ಇದಕ್ಕೆ ಬೇಕಾದ್ದು ಏಳು ಲೀಟರ್ ಮಾತ್ರ, ಸಣ್ಣ ಪಂಪು ಸಾಕು. 100 ಬಾರಿನಲ್ಲಿ ಅದು 270 ಕಿಲೋ ಭಾರದ ಬಲದಿಂದ ಎಳೆಯುತ್ತದೆ. ಸಿಕ್ಕಿಕೊಂಡರೆ ಲಿವರ್ ಹಿಂದೆ ಹಾಕಿದೊಡನೆ ರೋಲರು ಸೋಗೆಯನ್ನು ಹೊರಗೆ ಉಗುಳುತ್ತದೆ. ಕೈ ಹಾಕಿ ಎಳೆಯುವ ಪ್ರಮೇಯವೇ ಬರುವುದಿಲ್ಲ. ಇಂಥ ಯಂತ್ರಗಳಲ್ಲಿ ಬೆರಳು ಹೋದವರು ನಮ್ಮ ಕಡೆ ಇದ್ದಾರೆ. ಈ ಒಂದು ಕಾರಣಕ್ಕಾದರೂ ರೋಲರಿಗೆ ಹೈಡ್ರಾಲಿಕ್ ಹಾಕಬೇಕೆಂದು ಒತ್ತಿ ಹೇಳುತ್ತೇನೆ.

ವೇಗದ ಬ್ಲೇಡಿಗೆ ಗಿಯರ್ ಮೋಟಾರು. ನಿಮಿಷಕ್ಕೆ 500ರಿಂದ 3,000 ಸುತ್ತಿನವರೆಗೆ ಸಲೀಸಾಗಿ ಓಡುತ್ತದೆ, ಅಗ್ಗ, ಸ್ವಲ್ಪ ಕೊಳೆ ಆಯಿಲನ್ನೂ ಸಹಿಸುತ್ತದೆ. ನಿಂತಲ್ಲಿಂದ ಹೊರಡುವಾಗ ಬಲ ಕಡಿಮೆ ಎನ್ನುವುದು ಅದರ ದೋಷ. ಬ್ಲೇಡು ಹುಲ್ಲಿನೊಳಗೆ ಇರುವಾಗ ಚಾಲೂ ಮಾಡಬೇಡಿ. ಮೇಲಕ್ಕೆತ್ತಿ, ವೇಗ ಹಿಡಿದ ಮೇಲೆ ಇಳಿಸಿ. ಹಿಟಾಚಿಯಂಥ ಯಂತ್ರಗಳಿಂದ ಕಳಚಿದ ಪಿಸ್ಟನ್ ಮೋಟಾರು ಇವೆರಡಕ್ಕಿಂತ ದಕ್ಷ, ಆದರೆ ಶುದ್ಧ ಆಯಿಲ್ ಇಲ್ಲದಿದ್ದರೆ ಬೇಗ ಹಾಳಾಗುತ್ತದೆ, ರಿಪೇರಿ ದುಬಾರಿ. ಮನೆಯಂತ್ರಕ್ಕೆ ಅದು ಬೇಡ.

ಹಳೆಯ ಗಿಯರ್ ಪಂಪನ್ನೇ ಮೋಟಾರಾಗಿ ಬಳಸುವವರಿದ್ದಾರೆ. ಒಂದೇ ದಿಕ್ಕಿನಲ್ಲಿ, ವಾಪಸ್ ಹೋಸಿನಲ್ಲಿ ತಡೆಯೇ ಇಲ್ಲದಿದ್ದರೆ ಓಡುತ್ತದೆ. ಪಂಪಿನ ಶಾಫ್ಟ್ ಸೀಲಿನ ಹಿಂದಿನ ಜಾಗ ಅದರ ಆಯಿಲ್ ಎಳೆಯುವ ಬಾಯಿಗೆ ತೆರೆದಿರುತ್ತದೆ. ಮೋಟಾರಾದಾಗ ಅದೇ ಬಾಯಿ ವಾಪಸ್ ಹೋಗುವ ದಾರಿ. ಅಲ್ಲಿ ಒತ್ತಡ ಏರಿದರೆ ಸೀಲು ಹೊರಗೆ ಹಾರುತ್ತದೆ. ದಿಕ್ಕು ತಿರುಗಿಸಿದರಂತೂ ಆ ಕ್ಷಣವೇ. ಎರಡೂ ದಿಕ್ಕಿಗೆ ಓಡುವ ನಿಜವಾದ ಮೋಟಾರಿನಲ್ಲಿ ಇದಕ್ಕೆಂದು ಮೂರನೆಯ ಸಣ್ಣ ತೂತು ಇರುತ್ತದೆ, ಕೇಸ್ ಡ್ರೇನ್. ಅದನ್ನು ಬೋಲ್ಟಿನಿಂದ ಮುಚ್ಚಬೇಡಿ, ವಾಪಸ್ ಹೋಸಿಗೂ ಸೇರಿಸಬೇಡಿ. ಬೇರೆಯೇ ಸಣ್ಣ ಹೋಸಿನಲ್ಲಿ ನೇರ ಟ್ಯಾಂಕಿಗೆ ಬಿಡಿ.

ಹಳೆ ಮೋಟಾರಿನ ಫಲಕ ಅಳಿಸಿಹೋಗಿ ಸಿಸಿ ಗೊತ್ತಾಗದಿದ್ದರೆ ಒಂದು ಉಪಾಯ. ಒಳಗೆ ಆಯಿಲ್ ತುಂಬಿ, ಒಂದು ಬಾಯಿಗೆ ಆಯಿಲ್ ತುಂಬಿದ ಪೈಪು ಕೊಟ್ಟು, ಇನ್ನೊಂದು ಬಾಯಿಂದ ಬಂದದ್ದನ್ನು ಅಳತೆಯ ಲೋಟದಲ್ಲಿ ಹಿಡಿಯುತ್ತ ಶಾಫ್ಟನ್ನು ಕೈಯಲ್ಲಿ ಹತ್ತು ಸುತ್ತು ತಿರುಗಿಸಿ. 140 ಮಿಲಿಲೀಟರ್ ಬಂದರೆ 14 ಸಿಸಿ. ತಿರುಗಿಸುವಾಗಲೇ ಶಾಫ್ಟು ಅಲ್ಲಾಡುತ್ತದೆಯೇ, ಸೀಲು ಕೂರುವಲ್ಲಿ ಗೀರು ಬಿದ್ದಿದೆಯೇ ಎಂದೂ ನೋಡಬಹುದು. ಉಗುರಿಗೆ ಸಿಗುವಷ್ಟು ಗೀರಿದ್ದರೆ ಬಿಟ್ಟುಬಿಡಿ.

ಜೋಡಣೆಯಲ್ಲಿ ಕೆಡುವುದು

ಬ್ಲೇಡನ್ನು ನೇರ ಗಿಯರ್ ಮೋಟಾರಿನ ಶಾಫ್ಟಿಗೆ ಕಚ್ಚಿಸುವುದು ನಮ್ಮಲ್ಲಿ ಅತಿ ಸಾಮಾನ್ಯವಾದ ತಪ್ಪು. ಆ ಶಾಫ್ಟು ತಿರುಗಿಸಲಿಕ್ಕೆ ಮಾತ್ರ. ಅಡ್ಡ ಹೊಡೆತ ತಾಳುವ ಬೇರಿಂಗು ಅದರೊಳಗಿಲ್ಲ. ಕತ್ತಿ ಒಂದು ಸಲ ಕೆಂಪುಕಲ್ಲಿಗೆ ತಾಗಿದರೆ ಮೋಟಾರಿನ ಒಳಗಿನ ಗಿಯರು ಗೂಡಿಗೆ ಉಜ್ಜುತ್ತದೆ. ಬ್ಲೇಡಿಗೆ ತನ್ನದೇ ಶಾಫ್ಟು, ಎರಡು ಗಟ್ಟಿ ಬೇರಿಂಗು ಇರಲಿ. ಮೋಟಾರನ್ನು ರಬ್ಬರು ನಡುವಿರುವ ಲವ್‌ಜಾಯ್ ಕಪ್ಲಿಂಗಿನಿಂದ ಅದಕ್ಕೆ ಸೇರಿಸಿ.

ಅಡಿಕೆ ತೋಟದಲ್ಲಿ ಕಲ್ಲು, ಸ್ಪ್ರಿಂಕ್ಲರ್ ಪೈಪಿನ ಗೂಟ, ಹಳೆ ತಂತಿ ಎಲ್ಲವೂ ಹುಲ್ಲಿನಲ್ಲಿ ಅಡಗಿರುತ್ತವೆ. ಆದ್ದರಿಂದ ಇಡೀ ಪಟ್ಟಿಯ ಬ್ಲೇಡಿಗಿಂತ, ತಟ್ಟೆಯ ಅಂಚಿಗೆ ಬೋಲ್ಟಿನಲ್ಲಿ ನೇತುಬಿದ್ದ, ತಾಗಿದರೆ ಹಿಂದಕ್ಕೆ ಮಡಚುವ ಚಿಕ್ಕ ಬ್ಲೇಡುಗಳು ಒಳ್ಳೆಯವು. ಲಾರಿಯ ಲೀಫ್ ಸ್ಪ್ರಿಂಗ್ ಪಟ್ಟಿಯಿಂದ ಬ್ಲೇಡು ಮಾಡಬಹುದು, ಆದರೆ ಅದಕ್ಕೆ ಎಲ್ಲಿಯೂ ವೆಲ್ಡಿಂಗ್ ಹಿಡಿಸಬೇಡಿ. ಆ ಉಕ್ಕು ವೆಲ್ಡಿಂಗಿನ ಬಿಸಿಗೆ ಪಕ್ಕದಲ್ಲೇ ಗಾಜಿನಂತೆ ಪೆಡಸಾಗಿ ಬಿರುಕು ಬಿಡುತ್ತದೆ. 300 ಗ್ರಾಂ ತೂಕದ ಬ್ಲೇಡು ನಾವು ಹೇಳಿದ ವೇಗದಲ್ಲಿ ಸುತ್ತುವಾಗ ತನ್ನ ಬೋಲ್ಟನ್ನು 300 ಕಿಲೋಗೂ ಹೆಚ್ಚು ಭಾರದಿಂದ ಹೊರಗೆಳೆಯುತ್ತಿರುತ್ತದೆ. ಕಿತ್ತು ಹಾರಿದರೆ ವೇಗ ಗಂಟೆಗೆ 220 ಕಿಲೋಮೀಟರ್. ಒಳ್ಳೆಯ ದರ್ಜೆಯ ಬೋಲ್ಟು, ಸಡಿಲಾಗದ ನೈಲಾನ್ ನಟ್ಟು, ಮೂರು ಕಡೆ ದಪ್ಪ ತಗಡಿನ ಮುಚ್ಚಿಗೆ, ತೆರೆದ ಕಡೆ ನೇತಾಡುವ ಸರಪಳಿ ಇಲ್ಲದೆ ಯಂತ್ರವನ್ನು ಚಾಲೂ ಮಾಡಲೇಬೇಡಿ.

ರಬ್ಬರ್ ತೋಟದವರಿಗೆ ಇನ್ನೊಂದು ಮಾತು. ನೆಲ ಮುಚ್ಚಲೆಂದು ಹಬ್ಬಿಸಿದ ಮ್ಯುಕುನಾ ಬಳ್ಳಿ ಶಾಫ್ಟಿಗೆ ಹಗ್ಗದಂತೆ ಸುತ್ತಿಕೊಂಡು ಸೀಲಿನೊಳಗೆ ನುಗ್ಗುತ್ತದೆ. ಬ್ಲೇಡಿನ ತಟ್ಟೆಗೂ ಬೇರಿಂಗಿಗೂ ನಡುವೆ ಬಟ್ಟಲಿನಾಕಾರದ ಮುಚ್ಚಳ ಹಾಕಿದರೆ ಬಳ್ಳಿಗೆ ದಾರಿಯಿರುವುದಿಲ್ಲ.

ನಿಲ್ಲಿಸುವ ವಿಚಾರವನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಲಿವರನ್ನು ನಡುವಿಗೆ ತಂದಾಗ ಸಾಮಾನ್ಯ ವಾಲ್ವು ಎರಡೂ ಹೋಸನ್ನು ಮುಚ್ಚಿಬಿಡುತ್ತದೆ. ಭಾರದ ತಟ್ಟೆ ಮಾತ್ರ ಸುತ್ತುತ್ತಲೇ ಇರುತ್ತದೆ. ಆಗ ಮೋಟಾರೇ ಪಂಪಾಗಿ, ಒಂದು ಬದಿಯಲ್ಲಿ ಒತ್ತಡ ಸಿಡಿಯುವಷ್ಟು ಏರುತ್ತದೆ, ಇನ್ನೊಂದು ಬದಿ ಆಯಿಲಿಲ್ಲದೆ ಖಾಲಿಯಾಗುತ್ತದೆ. ಸೀಲು, ಕೀ, ಶಾಫ್ಟು ಯಾವುದಾದರೂ ಒಂದು ಹೋಗುವುದು ಖಂಡಿತ. ವಾಲ್ವು ಕೊಳ್ಳುವಾಗ “ಮೋಟಾರ್ ಸ್ಪೂಲ್” ಎಂದು ಕೇಳಿ. ನಡುವಿನ ಸ್ಥಾನದಲ್ಲಿ ಅದು ಮೋಟಾರಿನ ಎರಡೂ ಬದಿಯನ್ನು ಟ್ಯಾಂಕಿಗೆ ತೆರೆದಿಡುತ್ತದೆ, ಬ್ಲೇಡು ತಾನಾಗಿ ನಿಧಾನವಾಗಿ ನಿಲ್ಲುತ್ತದೆ. ಒಂದೇ ದಿಕ್ಕಿನ ಯಂತ್ರವಾದರೆ ವಾಪಸ್ ಬದಿಯಿಂದ ಒತ್ತಡದ ಬದಿಗೆ ಒಂದು ಚೆಕ್ ವಾಲ್ವು ಇಟ್ಟರೂ ಸಾಕು. ಬ್ಲೇಡು ಪೂರ್ತಿ ನಿಲ್ಲುವವರೆಗೆ ಯಾರೂ ಹತ್ತಿರ ಹೋಗಕೂಡದು.

ಆಯಿಲು, ಬಿಸಿ, ಮಳೆ

ಸೋರಿಹೋಗುವ ಮೂರರಲ್ಲೊಂದು ಪಾಲಿನ ಬಗ್ಗೆ ಆರಂಭದಲ್ಲೇ ಹೇಳಿದೆ. ನಮ್ಮ ಲೆಕ್ಕದಲ್ಲಿ ಅದು 3 ಕಿಲೋವಾಟ್. ಬಕೆಟಿನ ನೀರು ಕಾಯಿಸುವ 1,500 ವಾಟಿನ ಎರಡು ಕಾಯಿಲನ್ನು ಆಯಿಲ್ ಟ್ಯಾಂಕಿನಲ್ಲಿ ಮುಳುಗಿಸಿಟ್ಟಂತೆ. 60 ಲೀಟರ್ ಆಯಿಲ್ ಇದ್ದು ಬಿಸಿ ಹೊರಗೆ ಹೋಗದಿದ್ದರೆ ಇಪ್ಪತ್ತು ನಿಮಿಷದಲ್ಲಿ 65 ಡಿಗ್ರಿ ದಾಟುತ್ತದೆ. ಆಮೇಲೆ ಆಯಿಲ್ ತೆಳುವಾಗಿ ಮೋಟಾರಿನೊಳಗೇ ಸೋರಿ ಬ್ಲೇಡು ಸೊರಗುತ್ತದೆ. 80 ಡಿಗ್ರಿಯಾಚೆ ಸೀಲುಗಳು ಗಟ್ಟಿಯಾಗುತ್ತವೆ. “ಬೆಳಿಗ್ಗೆ ಲಾಯಕ್ಕಿತ್ತು, ಹತ್ತು ಗಂಟೆಯ ಮೇಲೆ ಎಳೆಯುವುದಿಲ್ಲ” ಎಂಬ ದೂರಿಗೆ ಇದೇ ಕಾರಣ. ಟ್ಯಾಂಕು ಪಂಪಿನ ನಿಮಿಷದ ಲೀಟರಿನ ಎರಡರಿಂದ ಮೂರು ಪಟ್ಟು ದೊಡ್ಡದಿರಲಿ, ವಾಪಸ್ ಹೋಸಿನಲ್ಲಿ ಫ್ಯಾನಿರುವ ಕೂಲರ್ ಇರಲಿ, ಟ್ಯಾಂಕಿಗೊಂದು ತಾಪಮಾಪಕ ಇರಲಿ. ಆಯಿಲ್ 68ನೆಯ ಗ್ರೇಡಿನ ಹೈಡ್ರಾಲಿಕ್ ಆಯಿಲ್. ನಮ್ಮ ಸೆಕೆಗೆ 46ಕ್ಕಿಂತ ಅದು ಮೇಲು.

30 ಲೀಟರಿಗೆ ಒತ್ತಡದ ಹೋಸು ಅರ್ಧ ಇಂಚು, ಎರಡು ಪದರ ತಂತಿಯದ್ದು. ವಾಪಸ್ ಮುಕ್ಕಾಲು ಇಂಚು. ಟ್ಯಾಂಕಿನಿಂದ ಪಂಪಿಗೆ ಒಂದು ಇಂಚು. ವಾಪಸ್ ದಾರಿಯಲ್ಲಿ 10 ಮೈಕ್ರಾನ್ ಫಿಲ್ಟರ್. ಜೋಡಣೆಗಳಿಗೆ ಟೆಫ್ಲಾನ್ ಟೇಪು ಸುತ್ತಬೇಡಿ, ಅದರ ಎಳೆ ಹರಿದು ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಡೌಟಿ ವಾಷರ್ ಹಾಕಿ. ರಿಲೀಫ್ ವಾಲ್ವನ್ನು ಪ್ರೆಶರ್ ಗೇಜು ನೋಡಿಯೇ ಹೊಂದಿಸಬೇಕು, ಕೈಯಂದಾಜಿನಲ್ಲಿ ಅಲ್ಲ. ಹಗುರ ಆರ್ಬಿಟಲ್ ಮೋಟಾರುಗಳು ಒಂದೇ ಸವನೆ ತಾಳುವುದು 140 ಬಾರಿನ ಸುತ್ತಮುತ್ತ ಎಂಬುದನ್ನು ಮರೆಯಬಾರದು.

ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಗಾಳಿಯೇ ಒದ್ದೆ. ಬಿಸಿಯಾದ ಟ್ಯಾಂಕು ರಾತ್ರಿ ತಣಿಯುವಾಗ ಹೊರಗಿನ ತೇವವನ್ನು ಒಳಗೆಳೆಯುತ್ತದೆ. ಆಯಿಲ್ ಮಜ್ಜಿಗೆಯ ಬಣ್ಣಕ್ಕೆ ತಿರುಗಿದರೆ ನೀರು ಸೇರಿದೆ ಎಂದರ್ಥ, ಪೂರ್ತಿ ಬದಲಿಸಬೇಕು. ಟ್ಯಾಂಕಿನ ತಳದಲ್ಲಿ ನೀರು ಇಳಿಸುವ ಕಾಕ್ ಇಟ್ಟು ವಾರಕ್ಕೊಮ್ಮೆ ಬೆಳಿಗ್ಗೆ ಚಾಲೂ ಮಾಡುವ ಮೊದಲು ಸ್ವಲ್ಪ ಬಿಡಿ. ಕೊಳೆರೋಗಕ್ಕೆ ಬೋರ್ಡೊ ಸಿಂಪಡಿಸುವ ದಿನಗಳಲ್ಲಿ ಯಂತ್ರವನ್ನು ದೂರ ಇಡಿ. ಮೈಲುತುತ್ತ ಕಬ್ಬಿಣವನ್ನೂ ಹೋಸಿನ ಕೊನೆಯ ಸತುವಿನ ಲೇಪವನ್ನೂ ತಿನ್ನುತ್ತದೆ; ತುಂತುರು ಬಿದ್ದಿದ್ದರೆ ಅಂದೇ ತೊಳೆದು ಒರೆಸಿ.

ಕೊನೆಯದಾಗಿ, ದಯವಿಟ್ಟು ಇದನ್ನು ಮನೆಯವರಿಗೂ ಕೆಲಸದವರಿಗೂ ಓದಿ ಹೇಳಿ. ಹೋಸಿನಲ್ಲಿ ಸೂಜಿಮೊನೆಯಷ್ಟು ತೂತಾದರೆ ಹೊರಬರುವ ಆಯಿಲ್ ಕಣ್ಣಿಗೆ ಕಾಣಿಸುವುದಿಲ್ಲ, ಚರ್ಮವನ್ನು ಮಾತ್ರ ಕೊರೆದು ಒಳಹೋಗುತ್ತದೆ. ಸೋರಿಕೆ ಎಲ್ಲಿದೆಯೆಂದು ಕೈ ಸವರಿ ಹುಡುಕಬೇಡಿ. ಎಂಜಿನ್ ನಿಲ್ಲಿಸಿ, ಲಿವರನ್ನು ಆಚೀಚೆ ಆಡಿಸಿ ಒತ್ತಡ ಇಳಿಸಿ, ಆಮೇಲೆ ನೋಡಿ. ಬೆರಳಿಗೆ ಹೊಕ್ಕರೆ ಇರುವೆ ಕಚ್ಚಿದಷ್ಟು ಗುರುತು ಕಾಣಬಹುದು, ನೋವೂ ಮೊದಲಿಗೆ ಹೆಚ್ಚಿರುವುದಿಲ್ಲ. ಒಳಗಿನ ಮಾಂಸ ಮಾತ್ರ ಗಂಟೆಗಳ ಲೆಕ್ಕದಲ್ಲಿ ಸಾಯತೊಡಗುತ್ತದೆ, ತಡವಾದರೆ ಬೆರಳನ್ನೇ ತೆಗೆಯಬೇಕಾಗುತ್ತದೆ. ಸಣ್ಣ ಗಾಯವೆಂದು ಅರಶಿನ ಹಚ್ಚಿ ಕೂರಬೇಡಿ. ಕೂಡಲೇ ಶಸ್ತ್ರಚಿಕಿತ್ಸೆಯ ಸೌಕರ್ಯವಿರುವ ಆಸ್ಪತ್ರೆಗೆ ಹೊರಡಿ, ಒತ್ತಡದ ಆಯಿಲ್ ಒಳಹೊಕ್ಕಿದೆ ಎಂದು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ.